ಗ್ಯಾರೇಜ್ ಪ್ರಶ್ನೋತ್ತರ: ಲೇಸರ್‌ಗೆ ಕೊಡುವ ಮುಂಚೆ ರಟ್ಟು ಕತ್ತರಿಸಿ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಲೇಸರ್ ಕಟಿಂಗ್ ಬಗ್ಗೆಯೇ ಇವೆ. ಹಳೇ ಕಾರಿಗೆ ಬೇರೆ ಎಂಜಿನ್ ಕೂರಿಸುವವರು, ಡ್ಯಾಶ್‌ಬೋರ್ಡಿಗೆ ಹೊಸ ಮೀಟರ್ ಹಾಕುವವರು, ಸೈಲೆನ್ಸರ್ ಪೈಪಿಗೆ ಫ್ಲ್ಯಾಂಜ್ (ಬೋಲ್ಟ್ ಹಾಕಿ ಜೋಡಿಸುವ ಚಪ್ಪಟೆ ತುದಿ) ಮಾಡಿಸುವವರು, ಎಲ್ಲರಿಗೂ ಒಂದೇ ಆಸೆ. ಗ್ರೈಂಡರ್ ಹಿಡಿದು ಕೈ ಬೊಬ್ಬೆ ಬರಿಸಿಕೊಳ್ಳುವ ಬದಲು ಫೈಲ್ ಕಳಿಸಿ ಪಾರ್ಟ್ ತರಿಸಿಕೊಳ್ಳಬೇಕು. ಒಳ್ಳೆಯ ಆಸೆಯೇ. ಕಾರ್ಬುರೇಟರ್ ಪ್ರಶ್ನೆ ಕಳಿಸಿದವರು ಮುಂದಿನ ಸಂಚಿಕೆವರೆಗೆ ಕಾಯಬೇಕು, ಬೇಜಾರು ಮಾಡ್ಕೋಬೇಡಿ.

ಪ್ರ: ಸರ್, ನನ್ನ ಹತ್ತಿರ ಮರ ಕತ್ತರಿಸುವ 10 ವ್ಯಾಟಿನ ಡಯೋಡ್ ಲೇಸರ್ ಇದೆ. ಗೆಳೆಯನ ಹತ್ತಿರ 60 ವ್ಯಾಟಿನ ಕಾರ್ಬನ್ ಡೈಆಕ್ಸೈಡ್ ಲೇಸರ್ ಇದೆ. ನಿಧಾನವಾಗಿ ಹತ್ತಾರು ಸಲ ಓಡಿಸಿದರೆ 3 ಮಿ.ಮೀ. ಸ್ಟೀಲ್ ಪ್ಲೇಟ್ ಕತ್ತರಿಸಬಹುದಾ?

ಉ: ಆಗುವುದಿಲ್ಲ. ಹತ್ತಲ್ಲ, ನೂರು ಸಲ ಓಡಿಸಿದರೂ ಪ್ಲೇಟ್ ಮೇಲೆ ಒಂದು ಗುರುತು ಬೀಳಬಹುದು ಅಷ್ಟೇ. ಮರ ಸುಟ್ಟು ಹೋಗುತ್ತದೆ, ಸ್ಟೀಲ್ ಹಾಗಲ್ಲ. ಒಂದು ಕಡೆ ಬಿದ್ದ ಬಿಸಿಯನ್ನು ಅದು ಸುತ್ತಲೂ ಹಂಚಿಬಿಡುತ್ತದೆ. ಅದು ಹಂಚುವುದಕ್ಕಿಂತ ಜೋರಾಗಿ ಬಿಸಿ ಸುರಿದು, ಆ ಜಾಗ 1,500 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೋಗಿ ಕರಗಿ, ಕರಗಿದ್ದನ್ನು ಗ್ಯಾಸ್ ಊದಿ ಕೆಳಗೆ ತಳ್ಳಿದರೆ ಮಾತ್ರ ತಗಡು ಎರಡಾಗುತ್ತದೆ. ಅದಕ್ಕೇ ವರ್ಕ್‌ಶಾಪ್‌ಗಳಲ್ಲಿರುವ ಫೈಬರ್ ಲೇಸರ್‌ಗಳು (ಗಾಜಿನ ಎಳೆಯಲ್ಲಿ ಬೆಳಕು ಹುಟ್ಟಿಸುವವು) ಕಿಲೋವ್ಯಾಟ್ ಲೆಕ್ಕದವು.

ಇನ್ನೊಂದು ತೊಡಕು ಬೆಳಕಿನದೇ. ಕಾರ್ಬನ್ ಡೈಆಕ್ಸೈಡ್ ಲೇಸರ್‌ನ ತರಂಗ 10.6 ಮೈಕ್ರಾನ್, ಫೈಬರ್‌ದು ಸುಮಾರು 1.06 ಮೈಕ್ರಾನ್. ಉದ್ದ ತರಂಗವನ್ನು ತಣ್ಣನೆಯ ಲೋಹ ಕನ್ನಡಿ ಥರ ವಾಪಸ್ ಕಳಿಸುತ್ತದೆ. ಗೆಳೆಯನ ಮೆಷಿನ್ ಸುಮ್ನೆ ಬಿಡಬೇಡಿ, ರಟ್ಟಿನ ಮಾದರಿಗೆ, ಪೇಪರ್ ಗ್ಯಾಸ್ಕೆಟ್‌ಗೆ ಅದು ಬಹಳ ಚೆನ್ನ. ಪಿವಿಸಿ ಹಾಳೆ ಮಾತ್ರ ಒಳಗೆ ಇಡಲೇಬೇಡಿ, ಹೈಡ್ರೋಜನ್ ಕ್ಲೋರೈಡ್ ಹೊಗೆ ಬರುತ್ತದೆ, ಮೆಷಿನ್ನಿಗೂ ಶ್ವಾಸಕೋಶಕ್ಕೂ ಎರಡಕ್ಕೂ ಕೆಟ್ಟದ್ದು. ಹಾಗೇ ಅಗ್ಗಕ್ಕೆ ಸಿಕ್ಕಿತು ಅಂತ ಫೈಬರ್ ಲೇಸರ್ ಮನೆಗೆ ತರುವ ಯೋಚನೆ ಇದ್ದರೆ ಒಂದು ಮಾತು. ಅದರ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೆ ನೇರ ರೆಟಿನಾ ತಲುಪುತ್ತದೆ. ಡಯೋಡ್ ಲೇಸರ್ ಜತೆ ಬಂದ ಕನ್ನಡಕ ಇದನ್ನೂ ತಡೆಯುತ್ತದೆ ಅಂದುಕೊಳ್ಳಬೇಡಿ. ಯಾವ ತರಂಗಕ್ಕೆ ಮಾಡಿದ್ದು ಅಂತ ಅದರ ಮೇಲೆ ಬರೆದಿರುತ್ತದೆ, ಓದಿ.

ಪ್ರ: ಹಳೇ ಬ್ರಾಕೆಟ್‌ನ ಫೋಟೋ ತೆಗೆದು, ಅದರ ಮೇಲೆ ಗೆರೆ ಎಳೆದು ಡಿಎಕ್ಸ್‌ಎಫ್ (ಕಂಪ್ಯೂಟರ್ ಡ್ರಾಯಿಂಗ್ ಫೈಲ್) ಮಾಡಿ ಕೊಟ್ಟೆ. ಬಂದ ಪಾರ್ಟ್‌ನಲ್ಲಿ ತೂತುಗಳು 2 ಮಿ.ಮೀ. ಆಚೀಚೆ. ಲೇಸರ್ ಇಷ್ಟು ತಪ್ಪುತ್ತದಾ?

ಉ: ಇಲ್ಲ ಮಾರಾಯರೇ. ಇಷ್ಟು ಚಿಕ್ಕ ಪಾರ್ಟ್‌ನಲ್ಲಿ ಒಳ್ಳೆಯ ಮೆಷಿನ್ 0.1, ತಪ್ಪಿದರೆ 0.2 ಮಿ.ಮೀ. ಆಚೀಚೆ ಆಗಬಹುದು. ಉಳಿದದ್ದೆಲ್ಲಾ ನಿಮ್ಮ ಫೋಟೋದ್ದು. ಕ್ಯಾಮೆರಾ ಎಷ್ಟೇ ನೇರ ಹಿಡಿದರೂ ಹತ್ತಿರದ್ದು ದೊಡ್ಡದಾಗಿ, ದೂರದ್ದು ಚಿಕ್ಕದಾಗಿ ಕಾಣುತ್ತದೆ. ಬ್ರಾಕೆಟ್ ಚಪ್ಪಟೆ ಇದ್ದರೆ ಕಾಗದಪತ್ರ ಸ್ಕ್ಯಾನ್ ಮಾಡುವ ಮಾಮೂಲಿ ಸ್ಕ್ಯಾನರ್ ಮೇಲೆ ಇಡಿ, ಪಕ್ಕದಲ್ಲಿ ಒಂದು ಸ್ಟೀಲ್ ಸ್ಕೇಲ್ ಇಡಿ. ಬಂದ ಚಿತ್ರವನ್ನು ಆ ಸ್ಕೇಲಿಗೆ ಹೊಂದಿಸಿಕೊಳ್ಳಿ. ಆದರೂ ತೂತಿನಿಂದ ತೂತಿಗೆ ಇರುವ ಅಂತರವನ್ನು ಚಿತ್ರದಿಂದ ತೆಗೆಯಬೇಡಿ, ವರ್ನಿಯರ್‌ನಿಂದ ಅಳೆಯಿರಿ. ತೂತಿನ ಮಧ್ಯ ಎಲ್ಲಿ ಅಂತ ಕಣ್ಣಳತೆಯಲ್ಲಿ ಹುಡುಕುವ ಕೆಲಸವೇ ಬೇಡ. ಎರಡು ತೂತುಗಳ ಒಳಅಂಚುಗಳ ನಡುವೆ ಎಷ್ಟು ಅಂತ ಅಳೆಯಿರಿ, ಹೊರಅಂಚುಗಳ ನಡುವೆ ಎಷ್ಟು ಅಂತ ಅಳೆಯಿರಿ, ಎರಡನ್ನೂ ಕೂಡಿಸಿ ಅರ್ಧ ಮಾಡಿ. ಅದೇ ಮಧ್ಯದಿಂದ ಮಧ್ಯಕ್ಕೆ ಅಂತರ. ಒಂದು ತೂತು ದೊಡ್ಡದು, ಇನ್ನೊಂದು ಚಿಕ್ಕದು ಆಗಿದ್ದರೂ ಲೆಕ್ಕ ತಪ್ಪುವುದಿಲ್ಲ.

ಡ್ರಾಯಿಂಗ್ ಆದಮೇಲೆ ಕಾಗದದ ಮೇಲೆ 1:1 ಅಳತೆಯಲ್ಲಿ ಪ್ರಿಂಟ್ ತೆಗೆಯಿರಿ. ಪ್ರಿಂಟರ್ ತಾನಾಗಿ ಹಾಳೆಗೆ ಹೊಂದಿಸಲು ಚಿಕ್ಕದು ಮಾಡುವ ಚಾಳಿ ಇಟ್ಟುಕೊಂಡಿರುತ್ತದೆ, ಅದಕ್ಕೆ ಪಕ್ಕದಲ್ಲಿ 100 ಮಿ.ಮೀ. ಗೆರೆ ಒಂದನ್ನು ಹಾಕಿ ಅಳೆದು ನೋಡಿ. ಅದನ್ನು ರಟ್ಟಿಗೆ ಅಂಟಿಸಿ, ಕತ್ತರಿಸಿ, ಕಾರಿಗೆ ಹಿಡಿದು, ಬೋಲ್ಟ್ ತೂರಿಸಿ ನೋಡಿ. ಬರೀ ಹಿಡಿದು ನೋಡಿದರೆ ಸಾಲದು, ಆ ಬೋಲ್ಟಿಗೆ ಸ್ಪ್ಯಾನರ್ ಹಾಕಿ ತಿರುಗಿಸಲು ಜಾಗ ಇದೆಯಾ ನೋಡಿ. ನಾನು ಮಾಡಿಸಿದ ಮೊದಲ ಆಲ್ಟರ್ನೇಟರ್ ಬ್ರಾಕೆಟ್ ಚಂದ ಕೂತಿತ್ತು, ಬೋಲ್ಟೂ ಒಳಗೆ ಹೋಯಿತು, ಆಮೇಲೆ ಟೈಟ್ ಮಾಡಲು ಕೈಯೂ ಹೋಗಲಿಲ್ಲ, ಸಾಕೆಟ್ಟೂ ಹೋಗಲಿಲ್ಲ.

ಇನ್ನು ಫೈಲ್. ಡಿಎಕ್ಸ್‌ಎಫ್‌ನಲ್ಲಿ 8 ಅಂತ ಇದ್ದರೆ ಅದು 8 ಮಿ.ಮೀ. ಅಂತಲೋ 8 ಇಂಚು ಅಂತಲೋ ಎಷ್ಟೋ ಸಲ ಓದುವ ಕಡೆ ಗೊತ್ತಾಗುವುದಿಲ್ಲ. ಒಂದು ಇಂಚಿಗೆ 25.4 ಮಿ.ಮೀ., ಅಷ್ಟು ಪಟ್ಟು ತಪ್ಪು ಆಗಬಹುದು. ಒಟ್ಟು ಉದ್ದ ಅಗಲ, ದಪ್ಪ, ಲೋಹ, ಎಷ್ಟು ಪೀಸ್, ಇಷ್ಟನ್ನು ಫೈಲ್ ಜತೆ ಬರೆದು ಕಳಿಸಿ. ಒಂದರ ಮೇಲೊಂದು ಕೂತ ಗೆರೆ ಇದ್ದರೆ ಮೆಷಿನ್ ಅದೇ ದಾರಿಯಲ್ಲಿ ಎರಡು ಸಲ ಹೋಗುತ್ತದೆ. ಲೇಸರ್ ತಿನ್ನುವ ಅಗಲ, ಅಂದರೆ ಕೆರ್ಫ್, ಸಾಮಾನ್ಯವಾಗಿ 0.1ರಿಂದ 0.3 ಮಿ.ಮೀ. ಇರುತ್ತದೆ. ಅದನ್ನು ನೀವು ಡ್ರಾಯಿಂಗ್‌ನಲ್ಲಿ ಸರಿದೂಗಿಸಲು ಹೋಗಬೇಡಿ. ಆ ಕಡೆಯವರೂ ಸರಿದೂಗಿಸಿದರೆ ಎರಡು ಸಲ ಆಯ್ತಲ್ಲ!

ಪ್ರ: 5 ಮಿ.ಮೀ. ಎಂ.ಎಸ್. (ಮೈಲ್ಡ್ ಸ್ಟೀಲ್) ಪ್ಲೇಟ್‌ನಲ್ಲಿ ಎಂ8, ಅಂದರೆ 8 ಮಿ.ಮೀ. ಬೋಲ್ಟಿನ ಮರೆ (ಥ್ರೆಡ್) ಹಾಕಲು 6.8 ಮಿ.ಮೀ. ತೂತು ಲೇಸರ್‌ನಲ್ಲೇ ಮಾಡಿಸಿದೆ. ಥ್ರೆಡ್ ಕೊರೆಯುವ ಟ್ಯಾಪ್ ಎರಡು ಮುರಿದವು. ಟ್ಯಾಪ್ ಕಳಪೆಯಾ?

ಉ: ಇರಬಹುದು, ಆದರೆ ನನ್ನ ಅನುಮಾನ ತೂತಿನ ಮೇಲೆ. ಲೇಸರ್ ಹೋದ ಅಂಚು ಕರಗಿ, ಪಕ್ಕದ ತಣ್ಣನೆಯ ಲೋಹದಿಂದಾಗಿ ಕ್ಷಣದಲ್ಲಿ ಆರುತ್ತದೆ. ಸ್ಟೀಲ್‌ನಲ್ಲಿ ಕಾರ್ಬನ್ ಜಾಸ್ತಿ ಇದ್ದಷ್ಟೂ ಆ ತೆಳು ಪದರ ಗಡುಸಾಗುತ್ತದೆ. ಕಮ್ಮಾರರು ಕಾದ ಉಳಿಯನ್ನು ನೀರಿಗೆ ಅದ್ದುತ್ತಾರಲ್ಲ, ಅದೇ ಕಥೆ. ಜತೆಗೆ ತೂತಿನ ಮೇಲ್ಬಾಯಿ, ಕೆಳಬಾಯಿ ಒಂದೇ ಅಳತೆ ಇರುವುದಿಲ್ಲ, ಸ್ವಲ್ಪ ಓರೆ ಇರುತ್ತದೆ. ಮುಂದಿನ ಸಲ 5.5 ಮಿ.ಮೀ. ತೂತು ಮಾಡಿಸಿ, ನೀವೇ 6.8 ಡ್ರಿಲ್ ಹಾಕಿ, ಆಮೇಲೆ ಎಣ್ಣೆ ಬಿಟ್ಟುಕೊಂಡು ಟ್ಯಾಪ್ ಹೊಡೆಯಿರಿ. ಗಡುಸು ಪದರ ಡ್ರಿಲ್‌ಗೇ ಹೋಗುತ್ತದೆ.

ಬೋಲ್ಟ್ ಸುಮ್ನೆ ದಾಟಿ ಹೋಗುವ ತೂತಾದರೆ ಲೇಸರ್‌ದೇ ಸಾಕು. ಎಂ6ಕ್ಕೆ 6.6, ಎಂ8ಕ್ಕೆ 9, ಎಂ10ಕ್ಕೆ 11 ಮಿ.ಮೀ. ಕೊಡಿ. ಪ್ಲೇಟ್‌ನ ದಪ್ಪಕ್ಕಿಂತ ಚಿಕ್ಕ ತೂತು ಕೇಳಬೇಡಿ. 10 ಮಿ.ಮೀ. ಪ್ಲೇಟ್‌ನಲ್ಲಿ 5 ಮಿ.ಮೀ. ತೂತು ಬೇಕಿದ್ದರೆ ಮಧ್ಯದ ಗುರುತು ಮಾತ್ರ ಹಾಕಿಸಿಕೊಂಡು ಬಂದು ಡ್ರಿಲ್ ಮಾಡುವುದೇ ವಾಸಿ.

ಪ್ರ: ಬ್ರಾಕೆಟ್‌ಗೆ ಪೌಡರ್ ಕೋಟಿಂಗ್ ಮಾಡಿಸಿದೆ. ಮೈ ಮೇಲೆ ಗಟ್ಟಿ ಇದೆ, ಅಂಚಿನಲ್ಲಿ ಮಾತ್ರ ಸಿಪ್ಪೆ ಏಳುತ್ತಿದೆ.

ಉ: ಆಮ್ಲಜನಕ ಊದಿ ಕತ್ತರಿಸಿದ ಪಾರ್ಟ್ ಇರಬೇಕು. ದಪ್ಪ ಎಂ.ಎಸ್. ಕತ್ತರಿಸುವಾಗ ಆಮ್ಲಜನಕ ಕೊಟ್ಟರೆ ಕಬ್ಬಿಣ ತಾನೇ ಉರಿದು ಬಿಸಿ ಕೊಡುತ್ತದೆ, ಕಡಿಮೆ ಶಕ್ತಿಯ ಲೇಸರ್ರೂ ಕತ್ತರಿಸುತ್ತದೆ. 1967ರಲ್ಲಿ ಇಂಗ್ಲೆಂಡಿನಲ್ಲಿ ಮೊದಲ ಬಾರಿ ಹೀಗೆ ಆಮ್ಲಜನಕ ಊದಿ 1 ಮಿ.ಮೀ. ಸ್ಟೀಲ್ ಕತ್ತರಿಸಿದಾಗ ಇದ್ದದ್ದು ಕೆಲವೇ ನೂರು ವ್ಯಾಟ್. ಆದರೆ ಉರಿದದ್ದರ ಗುರುತಾಗಿ ಅಂಚಿನಲ್ಲಿ ಬೂದುಗಪ್ಪು ಆಕ್ಸೈಡ್ ಪದರ ಉಳಿಯುತ್ತದೆ. ಬಣ್ಣ ಅದಕ್ಕೆ ಅಂಟಿರುತ್ತದೆ, ಅದು ಲೋಹಕ್ಕೆ ಸರಿಯಾಗಿ ಅಂಟಿರುವುದಿಲ್ಲ. ಕೋಟಿಂಗ್‌ಗೆ ಕೊಡುವ ಮುಂಚೆ ಅಂಚನ್ನು ಫ್ಲ್ಯಾಪ್ ಡಿಸ್ಕ್‌ನಿಂದ ಬಿಳಿ ಲೋಹ ಕಾಣುವವರೆಗೆ ಉಜ್ಜಿ. ವೆಲ್ಡಿಂಗ್‌ಗೆ ಮುಂಚೆಯೂ ಹೀಗೇ. ತೆಳು ತಗಡಾದರೆ ನೈಟ್ರೋಜನ್‌ನಲ್ಲಿ ಕತ್ತರಿಸಿ ಕೊಡಿ ಅಂತಲೇ ಕೇಳಿ. ಅದು ಉರಿಸುವುದಿಲ್ಲ, ಕರಗಿದ್ದನ್ನು ಜೋರಾಗಿ ಊದಿ ತಳ್ಳುತ್ತದೆ ಅಷ್ಟೇ, ಅಂಚು ಬೆಳ್ಳಗೆ ಬರುತ್ತದೆ.

ಪ್ರ: ಎಲ್ ಆಕಾರದ ಬ್ರಾಕೆಟ್ ಬೇಕು, ಹೊರ ಅಳತೆ ಒಂದು ಕಡೆ 50, ಇನ್ನೊಂದು ಕಡೆ 40 ಮಿ.ಮೀ. ತಗಡು 3 ಮಿ.ಮೀ. ಹಾಗಾದರೆ 90 ಮಿ.ಮೀ. ಪಟ್ಟಿ ಕತ್ತರಿಸಿ ಬೆಂಡ್ ಮಾಡಿಸಿದರೆ ಆಯ್ತು ಅಲ್ವಾ?

ಉ: ಆಗಲ್ಲ, ಐದು ಮಿ.ಮೀ. ಜಾಸ್ತಿ ಆಗುತ್ತದೆ. ಬೆಂಡ್ ಆಗುವಾಗ ತಗಡಿನ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ, ನಡುವೆ ಒಂದು ಪದರ ಮಾತ್ರ ಇದ್ದ ಹಾಗೇ ಇರುತ್ತದೆ. ಆ ಪದರ ಒಳಮೈಯಿಂದ ದಪ್ಪದ ಎಷ್ಟು ಭಾಗ ದೂರ ಇದೆ ಅನ್ನುವುದೇ ಕೆ-ಫ್ಯಾಕ್ಟರ್. 0.42 ಅಂತ ಇಟ್ಟುಕೊಳ್ಳೋಣ, ಒಳತಿರುವಿನ ತ್ರಿಜ್ಯ 3 ಮಿ.ಮೀ. ಆಗ ತಿರುವಿನಲ್ಲಿ ಹೋಗುವ ಉದ್ದ 1.57 × (3 + 0.42 × 3), ಅಂದರೆ 6.7 ಮಿ.ಮೀ. (1.57 ಅನ್ನುವುದು ಪೈನ ಅರ್ಧ, 90 ಡಿಗ್ರಿ ತಿರುವಿನ ಲೆಕ್ಕ.) ಹೊರ ಅಳತೆಯಿಂದ ದಪ್ಪ 3, ತ್ರಿಜ್ಯ 3 ಕಳೆದರೆ ನೇರ ಉಳಿಯುವುದು ಒಂದು ಕಡೆ 44, ಇನ್ನೊಂದು ಕಡೆ 34. ಒಟ್ಟು 84.7. ಆದರೆ ಆ ತ್ರಿಜ್ಯ ನಿಮ್ಮ ಕೈಯಲ್ಲಿಲ್ಲ, ಬೆಂಡ್ ಮಾಡುವವರ ಡೈ ಮೇಲೆ ಹೋಗುತ್ತದೆ. ಮೊದಲು ಅವರನ್ನು ಕೇಳಿ, ಆಮೇಲೆ ಡ್ರಾಯಿಂಗ್ ಮಾಡಿ. ತೂತು ಬೆಂಡಿಗೆ ತೀರಾ ಹತ್ತಿರ ಇದ್ದರೆ ಮೊಟ್ಟೆ ಥರ ಎಳೆದುಕೊಳ್ಳುತ್ತದೆ. ನಿಮ್ಮ ತಗಡಿಗೆ ತಿರುವು ಶುರುವಾಗುವ ಜಾಗದಿಂದ ತೂತಿನ ಅಂಚಿಗೆ 9 ಮಿ.ಮೀ. ಆದರೂ ಬಿಡಿ.

ಅಲ್ಯೂಮಿನಿಯಂನಲ್ಲಿ ಮಾಡಿಸುವುದಾದರೆ 5052 ಅನ್ನುವ ದರ್ಜೆ ಕೇಳಿ. 6061-ಟಿ6 ಗಟ್ಟಿ ನಿಜ, ಆದರೆ ಇಷ್ಟು ಕಿರಿದಾದ ತಿರುವಿಗೆ ಬಿರುಕು ಬಿಡುತ್ತದೆ.

ಎಡ-ಬಲ ಜೋಡಿ ಬೇಕಿದ್ದರೆ ಇನ್ನೊಂದು ಎಚ್ಚರ. ಚಪ್ಪಟೆ ಇರುವಾಗ ಎರಡೂ ಒಂದೇ, ಮಗುಚಿದರೆ ಎಡದ್ದು ಬಲದ್ದಾಗುತ್ತದೆ. ಬೆಂಡ್ ಆದಮೇಲೆ ಮಗುಚಿ ಪ್ರಯೋಜನವಿಲ್ಲ. ಯಾವುದು ಮೇಲೆ ಬಗ್ಗಬೇಕು, ಯಾವುದು ಕೆಳಗೆ ಅಂತ ನಾನು ಬರೆದು ಕೊಡದೆ, ನನ್ನ ಹತ್ತಿರ ಈಗಲೂ ಎರಡು ಎಡಗಡೆಯ ರೇಡಿಯೇಟರ್ ಬ್ರಾಕೆಟ್‌ಗಳಿವೆ. ಬಲಗಡೆ ಬೇಕಿದ್ದವರಿಗೆ ಅವು ಬೇಡ.

ಪ್ರ: ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಎಂಜಿನ್‌ನಿಂದ ಹೊಗೆ ಹೊರಡುವ ಪೈಪುಗಳ ಗುಂಪು) ಫ್ಲ್ಯಾಂಜ್‌ಗೆ 304 ಸ್ಟೇನ್‌ಲೆಸ್ ಒಳ್ಳೆಯದಾ, ಎಂ.ಎಸ್. ಸಾಕಾ?

ಉ: ನನ್ನ ಓಟು 10 ಮಿ.ಮೀ. ಎಂ.ಎಸ್.ಗೆ. ಸ್ಟೇನ್‌ಲೆಸ್ ತುಕ್ಕು ಹಿಡಿಯುವುದಿಲ್ಲ, ಆದರೆ ಬಿಸಿಗೆ ಜಾಸ್ತಿ ಹಿಗ್ಗುತ್ತದೆ. 400 ಮಿ.ಮೀ. ಉದ್ದದ ಫ್ಲ್ಯಾಂಜ್ 500 ಡಿಗ್ರಿ ಏರಿದರೆ 304 ಸುಮಾರು 3.4 ಮಿ.ಮೀ. ಬೆಳೆಯುತ್ತದೆ, ಎಂ.ಎಸ್. 2.5ರ ಸುತ್ತ. ಸ್ಟೇನ್‌ಲೆಸ್ಸೇ ಬೇಕು ಅಂದರೆ ತುದಿಯ ಬೋಲ್ಟ್ ತೂತುಗಳನ್ನು ಸ್ವಲ್ಪ ಉದ್ದ ಮಾಡಿಸಿ, ಹಿಗ್ಗಲು ಜಾಗ ಸಿಗಲಿ. ಯಾವ ಲೋಹವಾದರೂ ವೆಲ್ಡ್ ಮಾಡುವಾಗ ಬಾಳೆಕಾಯಿ ಥರ ಬಾಗುತ್ತದೆ. ಹಳೇ ಎಂಜಿನ್ ಹೆಡ್‌ಗೋ ದಪ್ಪ ಪ್ಲೇಟ್‌ಗೋ ಬೋಲ್ಟ್ ಹಾಕಿ ಬಿಗಿದು, ಒಂದು ಪೈಪಿಗೆ ಸ್ವಲ್ಪ, ದೂರದ ಇನ್ನೊಂದಕ್ಕೆ ಸ್ವಲ್ಪ ಅಂತ ವೆಲ್ಡ್ ಮಾಡಿ, ಪೂರ್ತಿ ತಣ್ಣಗಾದಮೇಲೆ ಬಿಚ್ಚಿ. ಇಷ್ಟಾದರೂ ಕೊನೆಗೆ ಮುಖ ಸಪಾಟು ಮಾಡಿಸಬೇಕಾಗಬಹುದು.

ಪ್ರ: ದೊಡ್ಡ ಬ್ರೇಕ್ ಕ್ಯಾಲಿಪರ್ ಕೂರಿಸಲು 6 ಮಿ.ಮೀ. ಅಲ್ಯೂಮಿನಿಯಂ ಬ್ರಾಕೆಟ್ ಕತ್ತರಿಸಿದರೆ ಸಾಕಾ? ದಪ್ಪ ಎಷ್ಟು ಅಂತ ಹೇಳಿ.

ಉ: ಹೇಳುವುದಿಲ್ಲ. ಕೋಪ ಮಾಡ್ಕೋಬೇಡಿ. ಬ್ರೇಕ್ ಒತ್ತಿದಾಗ ಚಕ್ರವನ್ನು ತಡೆಯುವ ಬಲವೆಲ್ಲಾ ಆ ಬ್ರಾಕೆಟ್ ಮೂಲಕವೇ ಹೋಗಬೇಕು, ಅದೂ ಸಾವಿರಾರು ಸಲ. ಅಲ್ಯೂಮಿನಿಯಂ ಚಿಕ್ಕ ಹೊರೆಯಲ್ಲೂ ದಿನಾ ದಿನಾ ದಣಿಯುತ್ತಾ ಹೋಗುತ್ತದೆ, ಸ್ಟೀಲ್‌ಗೆ ಇರುವಂತೆ ಇಷ್ಟರೊಳಗೆ ಇದ್ದರೆ ದಣಿವಿಲ್ಲ ಅನ್ನುವ ಮಿತಿ ಅದಕ್ಕಿಲ್ಲ. ಲೇಸರ್ ಅಂಚಿನ ಸಣ್ಣ ಗೀರುಗಳು, ಚೂಪಾದ ಒಳಮೂಲೆಗಳು ಬಿರುಕು ಹುಟ್ಟುವ ಜಾಗಗಳು. ನಿಮ್ಮ ಕಾರಿನ ತೂಕ, ಡಿಸ್ಕ್ ಅಳತೆ, ಚಕ್ರದ ಅಳತೆ ಹಿಡಿದು ಲೆಕ್ಕ ಹಾಕಬಲ್ಲ ಎಂಜಿನಿಯರ್ ಹತ್ತಿರ ಹೋಗಿ. ಸ್ಟೀರಿಂಗ್, ಸೀಟ್ ಬೆಲ್ಟ್, ಸಸ್ಪೆನ್ಷನ್ ಬಗ್ಗೆ ಬರೆದ ಇನ್ನೂ ಮೂವರಿಗೂ ಇದೇ ಉತ್ತರ.

ಪ್ರ: ಬಾನೆಟ್ ಒಳಗೆ ಹಾಕಲು ಮಗಳ ಹೆಸರನ್ನು ಕನ್ನಡದಲ್ಲಿ 2 ಮಿ.ಮೀ. ತಗಡಿನಲ್ಲಿ ಕೊರೆಸಿದೆ. ಅನುಸ್ವಾರದ ಜಾಗದಲ್ಲಿ ಬರೀ ದೊಡ್ಡ ತೂತು ಬಂದಿದೆ!

ಉ: ಸೊನ್ನೆಯ ನಡುವಿನ ಬಿಲ್ಲೆ ಉದುರಿ ಮೆಷಿನ್ ಕೆಳಗೆ ಹೋಗಿದೆ. ಅಕ್ಷರವನ್ನು ತೂತಾಗಿ ಕೊರೆದರೆ ಸುತ್ತಲೂ ಮುಚ್ಚಿದ ಒಳಭಾಗ ಯಾವುದೂ ನಿಲ್ಲುವುದಿಲ್ಲ, ಹಿಡಿದುಕೊಳ್ಳಲು ಅದಕ್ಕೆ ಏನೂ ಇರುವುದಿಲ್ಲ. ನಮ್ಮ ಲಿಪಿಯಲ್ಲಿ ಇಂಥ ದುಂಡು ಹೊಟ್ಟೆಗಳು ತುಂಬಾ. ಪ್ರತಿ ಹೊಟ್ಟೆಗೂ ಎರಡು ಕಡೆ 2 ಮಿ.ಮೀ. ಅಗಲದ ಸೇತುವೆ ಬಿಡಿ. ಮಗಳಿಗೆ ಠಕಾರದ ಹೆಸರು ಇಡಲಿಲ್ಲವಲ್ಲ, ಅದರಲ್ಲಿ ನಡುವಿನ ಚುಕ್ಕೆಯನ್ನೂ ಹಿಡಿದು ನಿಲ್ಲಿಸಬೇಕಿತ್ತು.