ಏಳಡಿ ಹುಡುಗನ ಮೇಲೆ ನನಗೆ ಬೇಜಾರಾಗಿದ್ದು ಯಾಕೆ

ನೀವು ಕೇಳಿರುವುದು ಇಷ್ಟು: ತುಂಬಾ ಆಸೆ ಇಟ್ಟುಕೊಂಡಿದ್ದ ಯುವ ಆಟಗಾರ ವರ್ಷಗಳು ಕಳೆದರೂ ಬೆಳೆಯದಿದ್ದರೆ ಅಭಿಮಾನಿಗೆ ಬೇಜಾರಾಗುವುದು ನ್ಯಾಯವಾ, ಇಲ್ಲಾ ನಾವೇ ಅವಸರ ಮಾಡುತ್ತೇವಾ? ನನ್ನ ಪಾಲಿಗೆ ಆ ಆಟಗಾರ ಅಮೆರಿಕದ ಬಾಸ್ಕೆಟ್‌ಬಾಲ್ ಹುಡುಗ ಜೇಮ್ಸ್ ವೈಸ್‌ಮನ್. ಮೊದಲು ನಾನು ಅವಸರವನ್ನೇ ಮಾಡಿದ್ದೆ. ಆಮೇಲೆ ಆದ ಬೇಜಾರಿಗೆ ಮಾತ್ರ ಕಾರಣ ಇತ್ತು.

ನಾನು ಮೈಸೂರಿನವನು. ಕಾಲೇಜಿನಲ್ಲಿ ಬಾಸ್ಕೆಟ್‌ಬಾಲ್ ಆಡುತ್ತಿದ್ದೆ. ಈಗ ಭಾನುವಾರ ಬೆಳಗ್ಗೆ ಕುವೆಂಪುನಗರದ ಕಡೆ ಒಂದು ಕೋರ್ಟಿನಲ್ಲಿ ಹುಡುಗರ ಜೊತೆ ಓಡಿ, ಮಂಡಿ ನೋಯಿಸಿಕೊಂಡು ಮನೆಗೆ ಬರುತ್ತೇನೆ. ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ನನ್ನ ತಂಡ ಗೋಲ್ಡನ್ ಸ್ಟೇಟ್ ವಾರಿಯರ್ಸ್. ಸ್ಟೀಫನ್ ಕರಿ ಆಟ ನೋಡಿ ಹುಚ್ಚು ಹಿಡಿದಿದ್ದು, ಬೇರೆ ಕಾರಣ ಇಲ್ಲ.

2015ರಿಂದ 2019ರವರೆಗೆ ಸತತ ಐದು ಫೈನಲ್ ಆಡಿದ ತಂಡ ಅದು. ಮರುವರ್ಷ ಗಾಯಗಳಿಂದ ನೆಲ ಕಚ್ಚಿತು. 65 ಪಂದ್ಯಗಳಲ್ಲಿ ಗೆದ್ದಿದ್ದು ಬರೀ 15. ಎನ್‌ಬಿಎಯಲ್ಲಿ ಸೋತ ತಂಡಗಳಿಗೆ ಹೊಸ ಆಟಗಾರರನ್ನು ಮೊದಲು ಆರಿಸಿಕೊಳ್ಳುವ ಅವಕಾಶ ಸಿಗುತ್ತದೆ, ಅದೇ ಡ್ರಾಫ್ಟ್. ಹೀಗೆ 2020ರ ನವೆಂಬರ್‌ನಲ್ಲಿ ಎರಡನೇ ಆಯ್ಕೆಯಾಗಿ ವೈಸ್‌ಮನ್ ಬಂದ. ವಯಸ್ಸು 19, ಎತ್ತರ ಏಳಡಿ, ಓಟ ಚಿಗರೆ ಹಾಗೆ. ಕರಿ ಪಕ್ಕದಲ್ಲಿ ಇಂಥವನು! ನಾನು ಮನಸ್ಸಿನಲ್ಲೇ ಇನ್ನೂ ಮೂರು ಕಪ್ ಗೆದ್ದುಬಿಟ್ಟಿದ್ದೆ.

ಮೊದಲ ಪಂದ್ಯ ಬ್ರೂಕ್ಲಿನ್ ಮೇಲೆ. ನಮಗೆ ಡಿಸೆಂಬರ್ 23ರ ಬೆಳಗಿನ ಜಾವ ಐದೂವರೆ. ಮೈಸೂರಿನ ಆ ಚಳಿಯಲ್ಲಿ ಸ್ವೆಟರ್ ಹಾಕಿಕೊಂಡು, ಮನೆಯವರಿಗೆ ಎಚ್ಚರ ಆಗದ ಹಾಗೆ ಅಡುಗೆಮನೆಯಲ್ಲಿ ಕೂತು ಮೊಬೈಲ್‌ನಲ್ಲಿ ನೋಡಿದೆ. ತಂಡ ಹೀನಾಯವಾಗಿ ಸೋತಿತು. ಹುಡುಗ ಮಾತ್ರ 19 ಪಾಯಿಂಟ್ ಹೊಡೆದ. ಸೋತ ಬೇಜಾರೇ ಇರಲಿಲ್ಲ ನನಗೆ. ಹಾಲು ಉಕ್ಕಿಸಿ ಬೈಸಿಕೊಂಡೆ, ಅದೊಂದು ಬೇರೆ.

ಆಗ ನಾನು ಲೆಕ್ಕಕ್ಕೆ ತೆಗೆದುಕೊಳ್ಳದೇ ಇದ್ದ ಸಂಗತಿ ಒಂದಿತ್ತು. ಈ ಹುಡುಗ ಮೆಂಫಿಸ್ ವಿಶ್ವವಿದ್ಯಾಲಯದ ಪರ ಕಾಲೇಜು ಬಾಸ್ಕೆಟ್‌ಬಾಲ್ ಆಡಿದ್ದು ಮೂರೇ ಪಂದ್ಯ. ಅರ್ಹತೆಯ ಗಲಾಟೆಯಿಂದ ಅಲ್ಲಿಗೇ ನಿಂತುಹೋಗಿತ್ತು. ಕೋವಿಡ್‌ನಿಂದ ಬೇಸಿಗೆಯ ಅಭ್ಯಾಸ ಲೀಗ್ ಕೂಡ ಆ ವರ್ಷ ನಡೆಯಲಿಲ್ಲ. ಅಂದರೆ ಈಜು ಬಾರದವನನ್ನು ಸೀದಾ ಕಾವೇರಿಗೆ ತಳ್ಳಿದ ಹಾಗೆ. 39 ಪಂದ್ಯ ಆಡಿದ, ಸರಾಸರಿ 11.5 ಪಾಯಿಂಟ್. 2021ರ ಏಪ್ರಿಲ್‌ನಲ್ಲಿ ಡಂಕ್ ಮಾಡಲು, ಅಂದರೆ ಬಾಲನ್ನು ಮೇಲಿಂದ ರಿಂಗ್ ಒಳಗೆ ತುರುಕಲು, ಹಾರಿ ಕೆಳಗೆ ಬೀಳುವಾಗ ಬಲ ಮಂಡಿಯೊಳಗಿನ ಮೆತ್ತೆ, ಮೆನಿಸ್ಕಸ್, ಹರಿಯಿತು. ಮುಂದಿನ ಸೀಸನ್ ಪೂರ್ತಿ ಬೆಂಚಿನಲ್ಲಿ, ಅದೂ ಸೂಟು ಬೂಟಿನಲ್ಲಿ.

ಕಂಪನಿ ಬಸ್ಸಿನಲ್ಲಿ ನನ್ನ ಪಕ್ಕ ಕೂರುವ ಪಾಂಡವಪುರದ ಗೌಡರು ಒಬ್ಬರಿದ್ದಾರೆ. ಬಾಸ್ಕೆಟ್‌ಬಾಲ್ ಗಂಧ ಗಾಳಿ ಇಲ್ಲ, ಆದರೆ ನನ್ನ ಗೋಳು ಕೇಳಿ ಕೇಳಿ ಎಲ್ಲ ಗೊತ್ತು. "ತೆಂಗಿನ ಸಸಿ ನೆಟ್ಬುಟ್ಟು ನಾಳಿಕ್ಕೇ ಎಳ್ನೀರು ಕೇಳ್ತೀರಲ್ಲ ಸಾರ್ ನೀವು" ಅಂದರು ಒಂದು ದಿನ. ನನಗೆ ಉತ್ತರ ಹೊಳೆಯಲಿಲ್ಲ. ಅಲ್ಲಿಯವರೆಗಿನ ನನ್ನ ಸಿಟ್ಟೆಲ್ಲ ಬರೀ ಅವಸರವೇ. ಮೂರನೇ ಆಯ್ಕೆಯಾಗಿ ಷಾರ್ಲಟ್‌ಗೆ ಹೋದ ಲಾಮೆಲೊ ಬಾಲ್ ವರ್ಷದ ಹೊಸ ಆಟಗಾರ ಪ್ರಶಸ್ತಿ ಗೆದ್ದ ಅಂತ ಹೊಟ್ಟೆ ಉರಿದುಕೊಂಡಿದ್ದೆ, ಅಷ್ಟೇ.

ನಿಜವಾದ ಬೇಜಾರು ಶುರುವಾಗಿದ್ದು 2022ರ ಅಕ್ಟೋಬರ್ ನಂತರ, ಮಂಡಿ ವಾಸಿಯಾಗಿ ವಾಪಸ್ ಬಂದಮೇಲೆ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ವಾರಿಯರ್ಸ್‌ನಲ್ಲಿ ಎತ್ತರದ ಆಟಗಾರನ ಮೊದಲ ಕೆಲಸ ಪಾಯಿಂಟ್ ಹೊಡೆಯುವುದಲ್ಲ, ಸ್ಕ್ರೀನ್ ಹಾಕುವುದು. ಕರಿಯನ್ನು ಅಟ್ಟಿಸಿಕೊಂಡು ಬರುವವನ ದಾರಿಗೆ ಗೋಡೆಯ ಹಾಗೆ ನಿಲ್ಲಬೇಕು. ಅವನು ಬಂದು ಗುದ್ದಿದರೆ ಕರಿಗೆ ಅರ್ಧ ಸೆಕೆಂಡು ಸಿಗುತ್ತದೆ. ಆಗ ಭಯಕ್ಕೆ ಇಬ್ಬರು ಕರಿಯನ್ನು ಮುತ್ತಿಕೊಳ್ಳುತ್ತಾರೆ. ಬಾಲ್ ಸ್ಕ್ರೀನ್ ಹಾಕಿದವನ ಕೈಗೆ ಬರುತ್ತದೆ. ಈಗ ಎದುರಿಗೆ ಮೂರು ಜನ, ನಮ್ಮ ಕಡೆ ನಾಲ್ಕು. ಇಷ್ಟೇ ಗುಟ್ಟು. ವೈಸ್‌ಮನ್ ಏನು ಮಾಡುತ್ತಿದ್ದ? ಗುದ್ದು ಬೀಳುವ ಮೊದಲೇ ರಿಂಗ್ ಕಡೆ ಜಾರಿಬಿಡುತ್ತಿದ್ದ, ಡಂಕ್ ಆಸೆಗೆ. ಎದುರಾಳಿ ಆರಾಮಾಗಿ ಕರಿ ಹಿಂದೆಯೇ ಹೋಗುತ್ತಿದ್ದ. ಬಾಲ್ ಸಿಕ್ಕರೂ ಮೂಲೆಯಲ್ಲಿ ಖಾಲಿ ನಿಂತವನು ಕಣ್ಣಿಗೆ ಬೀಳುತ್ತಿರಲಿಲ್ಲ. ಡಿಫೆನ್ಸ್‌ನಲ್ಲಿ ಒಂದು ಹೆಜ್ಜೆ ತಡ, ತಡ ಆಯಿತು ಅಂತ ಹಾರುವುದು, ಫೌಲ್.

ಅದೇ ತಂಡದಲ್ಲಿ ಕೆವಾನ್ ಲೂನಿ ಇದ್ದ. 2015ರ ಡ್ರಾಫ್ಟ್‌ನಲ್ಲಿ 30ನೇ ಆಯ್ಕೆ, ಎರಡೂ ಸೊಂಟದ ಕೀಲಿಗೆ ಆಪರೇಷನ್, ಹಾರಲು ಹೇಳಿದರೆ ಪೇಪರ್ ದಪ್ಪ ಹಾರುತ್ತಾನೆ. 2021-22ರಲ್ಲಿ 82ಕ್ಕೆ 82 ಪಂದ್ಯವನ್ನೂ ಆಡಿದ. ಆ ವರ್ಷ ಕಪ್ ಗೆಲ್ಲುವ ದಾರಿಯಲ್ಲಿ ಎನ್‌ಬಿಎಯ ಮೆಂಫಿಸ್ ತಂಡದ ವಿರುದ್ಧ ಆರನೇ ಪಂದ್ಯದಲ್ಲಿ ಒಬ್ಬನೇ 22 ರೀಬೌಂಡ್, ಅಂದರೆ ಗುರಿ ತಪ್ಪಿ ವಾಪಸ್ ಬರುವ ಬಾಲ್, ಹಿಡಿದ. ಹೇಗೆ? ಬಾಲ್ ರಿಂಗ್‌ಗೆ ಬಡಿಯುವ ಮೊದಲೇ ಎದುರಾಳಿಗೆ ಬೆನ್ನು ಕೊಟ್ಟು, ಸೊಂಟದಿಂದ ತಳ್ಳಿ ಜಾಗ ಹಿಡಿಯುತ್ತಾನೆ. ಸಿಟಿ ಬಸ್ ಸ್ಟ್ಯಾಂಡಿನಲ್ಲಿ ಸೀಟು ಹಿಡಿಯುವವರ ಕಲೆ ಅದು.

ನನ್ನ ಬೇಜಾರಿನ ತಿರುಳು ಇದೇ ನೋಡಿ. ಏಳಡಿ ಎತ್ತರ ದೇವರು ಕೊಡಬೇಕು. ನಿಂತು ಗುದ್ದಿಸಿಕೊಳ್ಳುವುದನ್ನು ಯಾರು ಬೇಕಾದರೂ ಕಲಿಯಬಹುದು. ಎರಡು ವರ್ಷ ಬೆಂಚಿನಿಂದ, ಪ್ರಾಕ್ಟೀಸ್‌ನಲ್ಲಿ, ದಿನಾ ಲೂನಿಯನ್ನು ನೋಡಿದ ಹುಡುಗ ಅದನ್ನು ಮಾತ್ರ ಕಲಿಯಲಿಲ್ಲ ಅನ್ನುವುದು ನನಗೆ ಜೀರ್ಣ ಆಗಲಿಲ್ಲ. ನವೆಂಬರ್‌ನಲ್ಲಿ ಅವನನ್ನು ಕೆಳಗಿನ ಜಿ ಲೀಗ್‌ಗೆ ಕಳಿಸಿದರು. 2023ರ ಫೆಬ್ರವರಿಯಲ್ಲಿ ಡೆಟ್ರಾಯ್ಟ್‌ಗೆ ಕೊಟ್ಟುಬಿಟ್ಟರು. ವಾರಿಯರ್ಸ್ ಪರ ಆಡಿದ್ದು ಒಟ್ಟು 60 ಪಂದ್ಯ.

ತಂಡದ ತಪ್ಪು ಇಲ್ಲವಾ? ಖಂಡಿತ ಇದೆ. ಕಪ್ಪೂ ಗೆಲ್ಲಬೇಕು, ಹುಡುಗನನ್ನೂ ಬೆಳೆಸಬೇಕು ಅಂದರೆ ಒಂದು ಕೈತಪ್ಪುತ್ತದೆ. ತಪ್ಪು ಮಾಡಿದ ಕೂಡಲೇ ಹೊರಗೆ ಕೂರಿಸಿದರೆ ಕಲಿಯುವುದು ಯಾವಾಗ?

ನಮ್ಮ ಕೋರ್ಟಿಗೆ ಬರುವ ಹತ್ತನೇ ಕ್ಲಾಸಿನ ಹುಡುಗ ಒಬ್ಬನಿದ್ದಾನೆ. ಈಗಲೇ ಆರಡಿ ಎರಡಿಂಚು. ಎಲ್ಲರೂ ಅವನಿಗೆ ಹೇಳುವುದು ಒಂದೇ, ರಿಂಗ್ ಕೆಳಗೆ ಕೈಯೆತ್ತಿಕೊಂಡು ನಿಲ್ಲು. ನಾನು ಸ್ಕ್ರೀನ್ ಹೇಳಿಕೊಡಲು ಹೋದೆ. ಕಾಲು ಅಗಲ ಮಾಡು, ಕೈ ಎದೆಗೆ ಕಟ್ಟು, ಅಲುಗಾಡಬೇಡ. ಅವನು ಮುಖ ಸಣ್ಣ ಮಾಡಿ, "ಅಂಕಲ್, ಅವ್ನು ಬಂದು ಗುದ್ದುತ್ತಾನೆ" ಅಂದ. "ಗುದ್ದಲಿ ಅಂತಾನೇ ಕಣೋ ನಿಲ್ಲೋದು" ಅಂದೆ. ಮೂರು ಭಾನುವಾರ ಆಯಿತು, ಇನ್ನೂ ಕೊನೇ ಗಳಿಗೆಯಲ್ಲಿ ಪಕ್ಕಕ್ಕೆ ಸರಿಯುತ್ತಾನೆ. ಅವನ ಮೇಲೆ ನನಗೆ ಸಿಟ್ಟೇ ಬರುವುದಿಲ್ಲ. ವೈಸ್‌ಮನ್ ಮೇಲೆ ಬಂದಿತ್ತು. ಕೋಟಿಗಟ್ಟಲೆ ಸಂಬಳ ಇದ್ದಿದ್ದಕ್ಕೋ, ನನ್ನ ಬೆಳಗಿನ ನಿದ್ದೆ ಹಾಳಾಗಿದ್ದಕ್ಕೋ.

2024ರ ಅಕ್ಟೋಬರ್‌ನಲ್ಲಿ ಅವನು ಇಂಡಿಯಾನಾ ತಂಡದಲ್ಲಿದ್ದ. ಸೀಸನ್‌ನ ಮೊದಲ ಪಂದ್ಯ, ಎದುರಿಗೆ ತನ್ನ ಹಳೇ ತಂಡ ಡೆಟ್ರಾಯ್ಟ್. ಅದರಲ್ಲೇ ಹಿಮ್ಮಡಿಯ ಅಕಿಲಿಸ್ ಸ್ನಾಯುರಜ್ಜು ಹರಿದುಹೋಯಿತು. ಆಗ ಅವನಿಗೆ 23 ವರ್ಷ. ಬಸ್ಸಿನಲ್ಲಿ ಮೊಬೈಲ್ ಹಿಡಿದು ಸುಮ್ನೆ ಕೂತಿದ್ದೆ. "ಏನ್ ಸಾರ್, ನಿಮ್ ಹುಡುಗ ಹೆಂಗವ್ನೆ?" ಅಂತ ಗೌಡರು ಕೇಳಿದರು. ವಿಷಯ ಹೇಳಿದೆ. ಅವತ್ತು ಅವರು ತೆಂಗಿನ ಸಸಿ ಮಾತು ಎತ್ತಲಿಲ್ಲ.