ಹದಿಹರೆಯದವರ ಫ್ಯಾಂಟಸಿ ಕತೆಗಳಲ್ಲಿ ರಾಕ್ಷಸ ಹುಡುಗನೇ ನಾಯಕನಾದರೂ ನಮಗೆ ಯಾಕೆ ಇಷ್ಟವಾಗುತ್ತಾನೆ?

ಅವನ ಕಷ್ಟ ಓದುವ ಹುಡುಗರದ್ದೇ ಆಗಿರುತ್ತದೆ, ಅದಕ್ಕೆ. 14-15ರಲ್ಲಿ ಧ್ವನಿ ಒಡೆಯುತ್ತದೆ, ಕೈಕಾಲು ಹೇಳದೆ ಕೇಳದೆ ಉದ್ದವಾಗುತ್ತವೆ. ಮನೆಯವರು ಒಂದು ಸಲ 'ಇನ್ನೂ ಚಿಕ್ಕವನು' ಅನ್ನುತ್ತಾರೆ, ಇನ್ನೊಂದು ಸಲ 'ಇಷ್ಟು ದೊಡ್ಡವನಾಗಿ' ಅಂತ ಬೈಯುತ್ತಾರೆ. ಕೊಂಬು, ಕೋರೆಹಲ್ಲು ಅದನ್ನೇ ಕಣ್ಣಿಗೆ ಕಾಣುವಂತೆ ಮಾಡುತ್ತವೆ. ಸುಮ್ನೆ ಹೆದರಿಸೋಕೆ ಕೊಂಬು ಇಟ್ಟರೆ ಕತೆ ಗಟ್ಟಿಯಾಗಿ ನಿಲ್ಲುವುದಿಲ್ಲ.

ಇಂಥ ಕತೆಗೆ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲೇ ಜಾಗ ಇದೆ. ಚಿಂತಾಮಣಿ ತಾಲ್ಲೂಕಿನ ಕೈವಾರವೇ ಮಹಾಭಾರತದ ಏಕಚಕ್ರಪುರ, ಭೀಮ ಬಕಾಸುರನನ್ನು ಕೊಂದದ್ದು ಇಲ್ಲೇ ಅಂತ ಜನ ನಂಬುತ್ತಾರೆ. ಗಾಡಿ ತುಂಬ ಅನ್ನ, ಎರಡು ಕೋಣ, ಒಬ್ಬ ಮನುಷ್ಯ, ಇಷ್ಟು ಎಲ್ಲರಿಗೂ ಗೊತ್ತು ಅಲ್ವಾ? ಆದರೆ ಆದಿಪರ್ವದಲ್ಲಿ ಕತೆ ಅಲ್ಲಿಗೆ ಮುಗಿಯುವುದಿಲ್ಲ. ಬಕ ಸಾಯುವಾಗ ಕಿರುಚಿದ್ದು ಕೇಳಿ ಅವನ ಮನೆಯವರು ನಡುಗುತ್ತಾ ಹೊರಗೆ ಬರುತ್ತಾರೆ. ಭೀಮ ಅವರನ್ನು ಕೊಲ್ಲುವುದಿಲ್ಲ. ಇನ್ನು ಮನುಷ್ಯರ ತಂಟೆಗೆ ಬರಬೇಡಿ ಅಂತ ಮಾತು ತೆಗೆದುಕೊಂಡು ಬಿಡುತ್ತಾನೆ. ಅವರೂ ಅದರಂತೆ ತಣ್ಣಗಿದ್ದರಂತೆ.

ಆ ಮನೆಯಲ್ಲಿ 15ರ ಹುಡುಗನೊಬ್ಬ ಇದ್ದಿದ್ದರೆ? ಅವನು ಊರೊಳಗೆ ಬಂದು ಉಪ್ಪು ಕೇಳಿದರೆ ಅಂಗಡಿಯವನು ಅಳೆದು ಕೊಡುತ್ತಾನಾ, ಬಾಗಿಲು ಹಾಕುತ್ತಾನಾ? ನಾನಾದರೆ ಕತೆಯನ್ನು ಅಲ್ಲಿಂದಲೇ ಶುರು ಮಾಡುತ್ತೇನೆ.