ಹಸಿವೇ ಆಗದವರಿಗೆ 'ಉಣ್ಣಿ ಉಣ್ಣಿ' ಅಂದರೆ?

ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಕುಂಬಳೆ ಕಡೆಯ ಅಡಿಕೆ ಕೃಷಿಕರು, ಐವತ್ತು ದಾಟಿದವರು ಅಂತ ಇಟ್ಟುಕೊಳ್ಳಿ. ಕ್ಯಾನ್ಸರ್ ಇದ್ದದ್ದರಿಂದ ಜಠರ ಪೂರ್ತಿ ತೆಗೆದು, ಅನ್ನನಾಳವನ್ನು ನೇರ ಸಣ್ಣಕರುಳಿಗೆ ಜೋಡಿಸಿದ್ದರು. ಆಪರೇಶನ್ ಚೆನ್ನಾಗಿಯೇ ಆಗಿತ್ತು.

ಕರೆದುಕೊಂಡು ಬಂದದ್ದು ಹೆಂಡತಿ. "ಇವರಿಗೆ ಮನಸ್ಸಿಗೇ ಏನೋ ಆಗಿದೆ ಮೇಡಂ. ಬಟ್ಟಲ ಮುಂದೆ ಕೂತು ಹಾಗೇ ಎದ್ದು ಹೋಗ್ತಾರೆ. ನನ್ನ ಅಡಿಗೆ ಬೇಡವಾಯ್ತೋ ಏನೋ" ಅಂದರು. ಅವರು ಹೊರಗೆ ಹೋದ ಮೇಲೆ ಗಂಡ ಬಾಯಿ ಬಿಟ್ಟರು. ಹಸಿವೇ ಆಗುವುದಿಲ್ಲ. ಒತ್ತಾಯಕ್ಕೆ ತಿಂದರೆ ಎದೆ ಡವಡವ, ಮೈಯೆಲ್ಲ ಬೆವರು, ಹೊಟ್ಟೆ ಗುಡುಗುಡು, ಕೂಡಲೇ ಕಕ್ಕಸಿಗೆ ಓಡಬೇಕು. "ನೆಂಟರ ಎದುರು ಹೀಗಾದರೆ ಮರ್ಯಾದೆ ಹೋಗ್ತದಲ್ಲ?"

ಇದನ್ನು ಖಿನ್ನತೆ ಅಂತ ಬರೆದು ಮುಗಿಸಬಹುದಿತ್ತು. ಆದರೆ ಈ ಮನುಷ್ಯ ಊಟಕ್ಕೆ ಹೆದರಿದ್ದರು, ಹೆದರಿಕೆಗೆ ಕಾರಣವೂ ಇತ್ತು. ತಿಂದ ಹೊತ್ತು, ತಿಂದದ್ದು, ತೊಂದರೆ ಶುರುವಾದ ಹೊತ್ತು ಬರೆದಿಡಲು ಹೇಳಿದೆ. ಅವರು ಬರೆದಿಟ್ಟ ಪುಸ್ತಕದಲ್ಲಿ ಎರಡು ಬೇರೆ ಬೇರೆ ತೊಂದರೆ ಕಂಡವು: ಒಂದು ಉಂಡ ಅರ್ಧ ಗಂಟೆಯೊಳಗೆ, ಇನ್ನೊಂದು ಎರಡು ಗಂಟೆ ಬಿಟ್ಟು. ಅದನ್ನೇ ಸರ್ಜನ್‌ಗೆ ತೋರಿಸಿ ಅಂತ ಕಳಿಸಿದೆ. ಇದು ಡಂಪಿಂಗ್, ಅಂದರೆ ಊಟ ತಡೆಯಿಲ್ಲದೆ ಬೇಗ ಕರುಳಿಗಿಳಿದು ಆಗುವ ತೊಂದರೆ, ಅಂತ ಅವರು ಖಚಿತ ಮಾಡಿದರು.

ಮುಂದಿನ ಸಲ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಮಾತಾಡಿದೆ. ಹಸಿವು ಎಬ್ಬಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ತಯಾರಾಗುವುದೇ ಜಠರದಲ್ಲಿ. ಜಠರ ಹೋದ ಮೇಲೆ ಆ ಕರೆ ತುಂಬಾ ಕಮ್ಮಿಯಾಗುತ್ತದೆ, ಅದಕ್ಕೂ ಅಡಿಗೆಯ ರುಚಿಗೂ ಸಂಬಂಧವಿಲ್ಲ. ಇನ್ನು ಓಟದ ವಿಷಯ. ನಮ್ಮ ತೋಡಿನ ಕಟ್ಟದ ಹಾಗೆ ಜಠರ ಊಟವನ್ನು ತಡೆದು ಸ್ವಲ್ಪ ಸ್ವಲ್ಪವೇ ಬಿಡುತ್ತಿತ್ತು. ಈಗ ತಡೆಯಿಲ್ಲ. ಸಿಹಿ, ನೀರಾಗಿರುವ ಊಟ ಒಮ್ಮೆಲೇ ಕರುಳಿಗಿಳಿದರೆ ಕರುಳು ರಕ್ತದಿಂದ ನೀರು ಎಳೆದುಕೊಂಡು ಉಬ್ಬುತ್ತದೆ, ಕರುಳಿನ ಹಾರ್ಮೋನುಗಳೂ ಒಟ್ಟಿಗೆ ನುಗ್ಗುತ್ತವೆ. ಮೊದಲಿನ ಡವಡವ ಅದು. ಎರಡು ಗಂಟೆಯ ನಂತರದ ನಡುಕದ ಕತೆ ಬೇರೆ: ಸಕ್ಕರೆ ಬೇಗ ರಕ್ತಕ್ಕೇರಿದಾಗ ಜಿಎಲ್‌ಪಿ-1 ಎಂಬ ಕರುಳಿನ ಹಾರ್ಮೋನು ಜಾಸ್ತಿಯಾಗಿ ಇನ್ಸುಲಿನ್ ಅನ್ನು ಅತಿಯಾಗಿ ಹೊರಡಿಸುತ್ತದೆ, ಆಗ ಸಕ್ಕರೆ ಕುಸಿಯುತ್ತದೆ.

ಹೆಂಡತಿ ಶಕ್ತಿ ಬರಲಿ ಅಂತ ಕೊಡುತ್ತಿದ್ದದ್ದು ಏನು ಗೊತ್ತಾ? ಬೆಲ್ಲ ಹಾಕಿದ ಗಂಜಿ, ಸಿಹಿ ಚಹಾ. ಪಾಪ, ಪ್ರೀತಿಯಿಂದಲೇ!

ಡಯಟಿಷಿಯನ್ ಜೊತೆ ಮಾತಾಡಿ ಹೀಗೆ ನಿಗದಿ ಮಾಡಿದೆವು. ಹಸಿವಿಗೆ ಕಾಯದೆ ಗಡಿಯಾರ ನೋಡಿ ದಿನಕ್ಕೆ ಆರು ಸಲ, ಸಣ್ಣ ಬಟ್ಟಲಲ್ಲಿ, ನಿಧಾನಕ್ಕೆ ಅಗಿದು ಉಣ್ಣಬೇಕು. ಕುಚ್ಚಲಕ್ಕಿ ಗಂಜಿಯ ತಿಳಿ ಬಸಿದು ಅನ್ನ ಮಾತ್ರ, ಅದರ ಜೊತೆ ಮೊಟ್ಟೆ, ಮೀನು ಅಥವಾ ಗಟ್ಟಿ ತೊವ್ವೆ ಇರಲೇಬೇಕು. ನೀರು, ಚಹಾ ಊಟಕ್ಕೆ ಅರ್ಧ ಗಂಟೆ ಮೊದಲು ಅಥವಾ ಅರ್ಧ ಗಂಟೆ ಬಿಟ್ಟು. ಬೆಲ್ಲ, ಪಾಯಸ ದೂರ. ಉಂಡ ಕೂಡಲೇ ಡವಡವ ಆದರೆ ಸ್ವಲ್ಪ ಹೊತ್ತು ದಿಂಬಿಗೆ ಒರಗಬೇಕು. ತಡವಾಗಿ ನಡುಕ ಬಂದರೆ ಗ್ಲುಕೋಮೀಟರ್‌ನಲ್ಲಿ ರಕ್ತದ ಸಕ್ಕರೆ ನೋಡಿ, 70ಕ್ಕಿಂತ ಕಮ್ಮಿ ಇದ್ದರೆ ಆಗ ಮಾತ್ರ ಮೂರು ಚಮಚ ಸಕ್ಕರೆ, ಆಮೇಲೆ ಒಂದು ಮೊಟ್ಟೆ. ಅಂಥ ಹೊತ್ತಲ್ಲಿ ಬೈಕ್ ಮುಟ್ಟಬಾರದು. ಇಷ್ಟಕ್ಕೂ ಹಿಡಿತಕ್ಕೆ ಬರದಿದ್ದರೆ ಔಷಧಿಗಳಿವೆ, ಅದು ಡಾಕ್ಟರ ಕೆಲಸ.

ಇನ್ನೊಂದು ಗಟ್ಟಿಯಾಗಿಯೇ ಹೇಳಿದೆ. ಬಿ12 ವಿಟಮಿನ್ ಇಂಜೆಕ್ಷನ್ ಅನ್ನು "ಈಗ ಆರಾಮ ಉಂಟಲ್ಲ" ಅಂತ ಅವರು ಬಿಟ್ಟಿದ್ದರು. ಊಟದಲ್ಲಿರುವ ಬಿ12 ಮೈಗೆ ಹಿಡಿಯಲು ಜಠರ ಬೇಕು. ಅದಿಲ್ಲದಿದ್ದರೂ ಲಿವರ್‌ನ ಸಂಗ್ರಹ ಕೆಲವು ವರ್ಷ ನಡೆಸುತ್ತದೆ, ಹಾಗಾಗಿ ಕೊರತೆ ಗೊತ್ತಾಗುವುದು ತಡವಾಗಿ. ಅಷ್ಟರಲ್ಲಿ ನರಗಳಿಗೆ ಪೆಟ್ಟಾಗಿರಬಹುದು. ಜಠರ ಪೂರ್ತಿ ಹೋದವರಿಗೆ ಇದು ಜೀವನಪೂರ್ತಿ ಬೇಕು.

ಹೆಂಡತಿಗೆ ಹೇಳಿದ್ದು ಒಂದೇ: "ಅಕ್ಕ, ಬಡಿಸಿ ಪಕ್ಕದಲ್ಲಿ ಕೂತು ನೀವೂ ಉಣ್ಣಿ. ಅವರ ಬಟ್ಟಲು ನೋಡಬೇಡಿ."

ಈಗ ತೂಕ ಏರಿಲ್ಲ, ಇಳಿಯುವುದು ನಿಂತಿದೆ. ಇಂಜೆಕ್ಷನ್ ಮತ್ತೆ ಶುರುವಾಗಿದೆ. ಮದುವೆ ಊಟಕ್ಕೆ ಇನ್ನೂ ಹೋಗುವುದಿಲ್ಲ. ಮನೆಯಲ್ಲೇ ಉಂಡು ಹೋಗಿ, ಅಲ್ಲಿ ಬರೀ ಮಾತಾಡಿಸಿ ಬನ್ನಿ ಅಂದಿದ್ದೇನೆ. "ನೋಡುವ" ಅಂದಿದ್ದಾರೆ.